ಹೊಸ ಖುಕುರಿ ಮನೆಗೆ ಬಂದಾಗ: ನೋಡುವುದು, ಪರೀಕ್ಷಿಸುವುದು, ಕೆಲಸಕ್ಕೆ ಇಳಿಸುವುದು

ಕೈಯಿಂದ ಬಡಿದು ಮಾಡಿದ ನೇಪಾಳಿ ಖುಕುರಿ ಕೈಗೆ ಬಂದರೆ ಎಲ್ಲರಿಗೂ ಒಂದೇ ಆಸೆ. ಒರೆಯಿಂದ ಎಳೆದು ಏನನ್ನಾದರೂ ಕಡಿಯಬೇಕು! ಒಂದು ಸಂಜೆ ತಡೆಯಿರಿ. ಮುಂದಕ್ಕೆ ಬಾಗಿದ ಈ ಕತ್ತಿಯ ಬಗ್ಗೆ ಒಂದು ಮಾತು ಮೊದಲೇ ತಿಳಿದಿದ್ದರೆ ಪರೀಕ್ಷೆ, ಬಳಕೆ, ಆರೈಕೆ ಮೂರೂ ಸುಲಭವಾಗುತ್ತವೆ. ಖುಕುರಿಯ ಅಲಗು ಎಲ್ಲಾ ಕಡೆ ಒಂದೇ ಗಟ್ಟಿ ಇರುವುದಿಲ್ಲ. ಬೇಕೆಂದೇ ಹಾಗೆ ಮಾಡಿರುತ್ತಾರೆ.

ನೇಪಾಳದ ಹಳ್ಳಿಗಳಲ್ಲಿ ಕಮ್ಮಾರನ ಕುಲುಮೆಗೆ ಆರನ್ ಎನ್ನುತ್ತಾರೆ. ಖುಕುರಿ ಮಾಡುವವರು ಕಾಮಿ ಸಮುದಾಯದವರು, ಹೆಸರಿನ ಜೊತೆ ವಿಶ್ವಕರ್ಮ ಎಂದು ಬರೆದುಕೊಳ್ಳುವವರು. ಪೂರ್ವದ ಗುಡ್ಡಗಾಡಿನ ಭೋಜಪುರ ಜಿಲ್ಲೆ ಈ ಕೆಲಸಕ್ಕೆ ಬಲು ಹೆಸರಾದದ್ದು. ಬಳಸುವ ಉಕ್ಕು ಹೆಚ್ಚಾಗಿ ಹಳೆ ಲಾರಿಯ ಕಮಾನು ಪಟ್ಟಿ. ನಮ್ಮ ಕಡೆ ಕಮ್ಮಾರರು ಮಚ್ಚು ಮಾಡುವುದೂ ಇದರಲ್ಲೇ ಅಲ್ವಾ? ಇದ್ದಿಲ ಬೆಂಕಿಯಲ್ಲಿ ಕಾಯಿಸಿ, ಬಡಿದು, ಆಕಾರ ಕೊಟ್ಟು, ಅರದಿಂದ ತಿಕ್ಕಿ, ಕೊನೆಗೆ ನೀರು ಕೊಡುತ್ತಾರೆ, ಅಂದರೆ ಕಾದ ಉಕ್ಕನ್ನು ನೀರಿನಿಂದ ತಣಿಸಿ ಗಡುಸು ಮಾಡುತ್ತಾರೆ. ಖುಕುರಿಯ ಜೀವ ಇರುವುದು ಈ ಕೊನೆಯ ಕೆಲಸದಲ್ಲಿ.

ಅಲಗನ್ನು ಪೂರ್ತಿ ನೀರಲ್ಲಿ ಅದ್ದುವುದಿಲ್ಲ. ಕೆಂಪಗೆ ಕಾದ ಅಲಗನ್ನು ಇಕ್ಕಳದಲ್ಲಿ ಹಿಡಿದು, ಟೀ ಕೆಟಲ್ಲಿನಿಂದ ಸಣ್ಣ ಧಾರೆಯಾಗಿ ಬಾಯಿಯ, ಅಂದರೆ ಹರಿತವಾದ ಅಂಚಿನ, ಉದ್ದಕ್ಕೆ ಮಾತ್ರ ನೀರು ಹೊಯ್ಯುತ್ತಾರೆ. ಧಾರೆ ಹೊಟ್ಟೆಯ ಭಾಗದಲ್ಲಿ (ಬಾಗಿನ ಮುಂದೆ ಅಲಗು ಅಗಲವಾಗುವ ಕಡೆ) ಹಿಂದೆ ಮುಂದೆ ಓಡಾಡುತ್ತದೆ, ಮೊನೆಯ ಕಡೆ ಕಡಿಮೆ. ಬೆನ್ನಿಗೆ, ಅಂದರೆ ಬಾಯಿಯ ಎದುರಿನ ದಪ್ಪ ಅಂಚಿಗೆ, ನೀರು ಬೀಳುವುದೇ ಇಲ್ಲ. ಬೆನ್ನಿನಲ್ಲಿ ಉಳಿದ ಕಾವು ನಿಧಾನಕ್ಕೆ ಬಾಯಿಗೆ ಇಳಿದು, ಗಡುಸಾದ ಉಕ್ಕಿನ ಪೆಡಸನ್ನು ತಗ್ಗಿಸುತ್ತದೆ. ಆಗ ಲೋಹದ ಮೇಲೆ ಬಣ್ಣ ಓಡುತ್ತದೆ. ಕಮ್ಮಾರ ಅದನ್ನೇ ನೋಡುತ್ತಿರುತ್ತಾನೆ. ಬಣ್ಣ ಸರಿಯಾದ ಕಡೆ ಬಂದ ಕ್ಷಣ ಮತ್ತೆ ನೀರು, ಮುಗಿಯಿತು. ಥರ್ಮಾಮೀಟರ್ ಇಲ್ಲ, ಯಂತ್ರ ಇಲ್ಲ.

ಇದರ ಫಲ ಏನು? ಕಡಿಯುವ ಹೊಟ್ಟೆಯ ಬಾಯಿ ಗಟ್ಟಿ, ಮೊನೆ ಸ್ವಲ್ಪ ಮೆದು, ಬೆನ್ನು ತುಂಬಾ ಮೆದು. ತಯಾರಕರು ಸಾಮಾನ್ಯವಾಗಿ ಹೇಳುವ ಲೆಕ್ಕದಲ್ಲಿ, ಲೋಹದ ಗಟ್ಟಿತನ ಅಳೆಯುವ ರಾಕ್‌ವೆಲ್ ಸಿ ಅಳತೆಯಂತೆ ಹೊಟ್ಟೆಯ ಬಾಯಿ 54ರಿಂದ 58, ಮೊನೆ 45ರ ಆಸುಪಾಸು, ಬೆನ್ನು 25ರ ಆಸುಪಾಸು. ಗಟ್ಟಿ ಬಾಯಿ ಹರಿತ ಉಳಿಸುತ್ತದೆ, ಮೆದು ಬೆನ್ನು ಏಟನ್ನು ನುಂಗಿಕೊಳ್ಳುತ್ತದೆ. ಹಾಗಾಗಿ ನೀವು ಮಾಡುವ ಪರೀಕ್ಷೆ ಕೇಳಬೇಕಾದ ಪ್ರಶ್ನೆ ಇಷ್ಟೇ: ಗಟ್ಟಿ ಇರಬೇಕಾದ ಕಡೆ ಗಟ್ಟಿ ಇದೆಯಾ, ಮೆದು ಇರಬೇಕಾದ ಕಡೆ ಮೆದು ಇದೆಯಾ?

ಒರೆಯಿಂದ ತೆಗೆಯುವುದು

ಖುಕುರಿಯಿಂದ ಆಗುವ ಗಾಯಗಳಲ್ಲಿ ಕೆಲವು ಕಡಿಯುವಾಗ ಅಲ್ಲ, ಒರೆಯಿಂದ ಎಳೆಯುವಾಗಲೇ ಆಗುತ್ತವೆ. ಒರೆಗೆ ನೇಪಾಳಿಯಲ್ಲಿ ದಾಪ್ ಎನ್ನುತ್ತಾರೆ. ಒಳಗೆ ಎರಡು ತೆಳು ಮರದ ಹಲಗೆ, ಮೇಲೆ ಎಮ್ಮೆ ಅಥವಾ ಕೋಣದ ಚರ್ಮ. ಅಲಗಿನ ಬಾಯಿ ಬರುವ ಕಡೆ ಆ ಎರಡು ಹಲಗೆಗಳ ಕೂಡಿಕೆ ಇರುತ್ತದೆ. ಹರಿತವಾದ ಅಲಗು ಅದನ್ನು ಸೀಳಿ ಹೊರಗೆ ಬರಬಲ್ಲದು. ಒರೆಯ ಸುತ್ತ ಮುಷ್ಟಿ ಕಟ್ಟಿ ಹಿಡಿದಿದ್ದರೆ ಅಲ್ಲಿ ಇರುವುದು ನಿಮ್ಮ ಬೆರಳು.

ಆದ್ದರಿಂದ ಎಡಗೈಯಲ್ಲಿ ಒರೆಯನ್ನು ಬೆನ್ನಿನ ಕಡೆಯಿಂದ ಹಿಡಿಯಿರಿ. ಹೆಬ್ಬೆರಳು ಒಂದು ಪಕ್ಕ, ಉಳಿದ ಬೆರಳು ಇನ್ನೊಂದು ಪಕ್ಕ. ಬಾಯಿಯ ಕಡೆಗೆ ಯಾವ ಬೆರಳೂ ಸುತ್ತಬಾರದು. ಬಲಗೈಯಿಂದ ಎಳೆಯುವಾಗ ಅಲಗಿನ ಬೆನ್ನನ್ನು ಒರೆಯ ಬೆನ್ನಿಗೇ ಒತ್ತಿಕೊಂಡು, ಬಾಗಿನ ದಾರಿಯಲ್ಲೇ ಎಳೆಯಿರಿ. ಒಳಗೆ ಹಾಕುವಾಗಲೂ ಇದೇ ಕ್ರಮ. ಹೊಸ ಒರೆ ಬಿಗಿ ಇರುತ್ತದೆ, ಜೋರಾಗಿ ಜಗ್ಗಬೇಡಿ. ಹಿಡಿ ಸ್ವಲ್ಪ ಮೇಲೆ ಕೆಳಗೆ ಮಾಡಿದರೆ ಸಡಿಲವಾಗುತ್ತದೆ. ಮನೆಯಲ್ಲಿ ಬೇರೆಯವರು ನೋಡಲು ಕೇಳಿದರೆ ನೀವೇ ಹೊರಗೆ ತೆಗೆದು ಮೇಜಿನ ಮೇಲೆ ಇಡಿ.

ಒರೆಯಿಂದ ತೆಗೆದ ಖುಕುರಿ ರಕ್ತ ನೋಡದೆ ಒಳಗೆ ಹೋಗಬಾರದು ಎಂಬ ಮಾತು ಎಲ್ಲೆಲ್ಲೂ ಕೇಳುತ್ತೀರಿ. ಅದು ಕಟ್ಟುಕಥೆ. ನೇಪಾಳದ ಮನೆಗಳಲ್ಲಿ ಇದರಿಂದಲೇ ಸೌದೆ ಸೀಳುತ್ತಾರೆ, ತರಕಾರಿ ಹೆಚ್ಚುತ್ತಾರೆ, ದನಕ್ಕೆ ಸೊಪ್ಪು ಕಡಿಯುತ್ತಾರೆ. ಅದು ಮೊದಲು ರೈತನ ಕತ್ತಿ, ಆಮೇಲೆ ಸೈನಿಕನದು. 1814ರಿಂದ 16ರವರೆಗೆ ಈಸ್ಟ್ ಇಂಡಿಯಾ ಕಂಪನಿ ಗೋರ್ಖಾಗಳ ಜೊತೆ ಯುದ್ಧ ಮಾಡಿತು, ಅವರನ್ನು 1815ರಿಂದಲೇ ತನ್ನ ಸೈನ್ಯಕ್ಕೂ ಸೇರಿಸಿಕೊಂಡಿತು. ಹೊರಜಗತ್ತಿಗೆ ಖುಕುರಿಯ ಹೆಸರು ಹಬ್ಬಿದ್ದು ಆಗ. ಕತ್ತಿ ಅದಕ್ಕಿಂತ ತುಂಬಾ ಹಳೆಯದು.

ಕಣ್ಣಿನ ಪರೀಕ್ಷೆ

ಅಲಗಿಗೆ ತುಕ್ಕು ಹಿಡಿಯದಂತೆ ಎಣ್ಣೆಯನ್ನೋ ಗ್ರೀಸನ್ನೋ ಬಳಿದಿರುತ್ತಾರೆ. ಹಳೆ ಬನಿಯನ್ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಅಥವಾ ಸ್ಪಿರಿಟ್ ಹಾಕಿ, ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಒರೆಸಿ. ಈಗ ಒಳ್ಳೆ ಬೆಳಕಿನಲ್ಲಿ ಕುಳಿತುಕೊಳ್ಳಿ.

ಮೊದಲು ಹಿಡಿಯನ್ನು ಕಣ್ಣಿನ ಹತ್ತಿರ ತಂದು ಬೆನ್ನಿನ ಉದ್ದಕ್ಕೂ ನೋಡಿ. ಮೊನೆ ಎಡಕ್ಕೋ ಬಲಕ್ಕೋ ತಿರುಚಿದೆಯೇ? ಕೈಕೆಲಸದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ, ಅದು ದೋಷ ಅಲ್ಲ. ಕಣ್ಣಿಗೆ ಹೊಡೆಯುವಷ್ಟು ತಿರುವು ಇದ್ದರೆ ಏಟು ಪಕ್ಕಕ್ಕೆ ಜಾರುತ್ತದೆ, ಅಂಥದ್ದನ್ನು ವಾಪಸ್ ಕಳಿಸಿ. ಸುತ್ತಿಗೆಯ ಸಣ್ಣ ಗುಳಿಗಳು, ಎರಡು ಪಕ್ಕದ ಗೀರುಗಳಲ್ಲಿ ಚೂರು ಏರುಪೇರು, ಇವನ್ನು ನಾನು ಇಷ್ಟಪಟ್ಟು ನೋಡುತ್ತೇನೆ. ಒಬ್ಬ ಮನುಷ್ಯ ಕುಳಿತು ಬಡಿದ ಗುರುತು ಅದು. ಕನ್ನಡಿಯಂತೆ ಹೊಳೆಯುವುದೇ ಒಳ್ಳೆ ಖುಕುರಿ ಎಂದುಕೊಳ್ಳಬೇಡಿ. ಪ್ರವಾಸಿಗರಿಗೆಂದೇ ಮಾಡಿದ, ಹಿತ್ತಾಳೆಯ ಸಿಂಹದ ತಲೆ ಕೂರಿಸಿದ ಎಷ್ಟೋ ಕತ್ತಿಗಳು ಚೆನ್ನಾಗಿ ಹೊಳೆಯುತ್ತವೆ, ಆದರೆ ಅವಕ್ಕೆ ನೀರೇ ಕೊಟ್ಟಿರುವುದಿಲ್ಲ. ಅವು ಗೋಡೆಗೆ ಸರಿ, ಕೆಲಸಕ್ಕೆ ಅಲ್ಲ.

ಆಮೇಲೆ ಬಿರುಕು ಹುಡುಕಬೇಕು. ನೀರು ಕೊಡುವಾಗ ಬಾಯಿ ಸೀಳುವುದು ಉಂಟು, ಕಣ್ಣಿಗೆ ಕಾಣದಷ್ಟು ಸಣ್ಣಗೆ. ಅಲಗಿಗೆ ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಿ. ಒಣ ಬಟ್ಟೆಯಿಂದ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ನಯವಾದ ಪುಡಿ ಉದುರಿಸಿ. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಪುಡಿಗೆ ಹತ್ತಿ ಕಪ್ಪನೆಯ ಗೆರೆ ಮೂಡುತ್ತದೆ. ಬಾಯಿಯ ಉದ್ದಕ್ಕೂ, ಹಿಡಿಯ ಹತ್ತಿರದ ಕಚ್ಚಿನ ಸುತ್ತಲೂ, ಅಲಗು ಹಿಡಿಗೆ ಸೇರುವ ಕಡೆಯೂ ನೋಡಿ. ಬಾಯಿಗೆ ಅಡ್ಡವಾಗಿ ಗೆರೆ ಕಂಡರೆ ಆ ಕತ್ತಿಯಿಂದ ಏನನ್ನೂ ಕಡಿಯಬೇಡಿ. ಇದರಲ್ಲಿ ರಾಜಿ ಬೇಡ.

ಆ ಕಚ್ಚಿಗೆ ನೇಪಾಳಿಯಲ್ಲಿ ಕೌಡಿ ಎನ್ನುತ್ತಾರೆ. ಅದು ಯಾಕೆ ಎಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಸುವಿನ ಗೊರಸು ಎನ್ನುವವರಿದ್ದಾರೆ, ಶಿವನ ತ್ರಿಶೂಲ ಎನ್ನುವವರಿದ್ದಾರೆ, ಸೊನೆ ಹಿಡಿಗೆ ಹರಿಯದಂತೆ ತಡೆಯಲು ಎನ್ನುವವರೂ ಇದ್ದಾರೆ. ನಿಮಗೆ ಮುಖ್ಯವಾದದ್ದು ಒಂದೇ: ಕಸ, ತೇವ, ತುಕ್ಕು ಮೊದಲು ಸೇರುವುದು ಅಲ್ಲೇ. ಹತ್ತಿ ಸುತ್ತಿದ ಕಡ್ಡಿಯಿಂದ ಅದನ್ನು ಸ್ವಚ್ಛ ಮಾಡುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ.

ನಿಮ್ಮದು ಯಾವ ಬಗೆ ಎಂದೂ ಗುರುತಿಸಿಕೊಳ್ಳಿ. ಸಿರುಪಾತೆ ತೆಳ್ಳಗೆ, ಹಗುರ. ಸಿರು ಎಂಬ ಹುಲ್ಲಿನ ಎಲೆಯಂತೆ ನೀಳ. ಪೊದೆ ಸವರಲು, ಹಸಿ ಕೊಂಬೆಗೆ ಚೆನ್ನ. ಭೋಜಪುರೆ ದಪ್ಪ ಹೊಟ್ಟೆಯದು, ಕಡಿಯುವುದಕ್ಕೇ ಹುಟ್ಟಿದ್ದು. ಅಂಗ್‌ಖೋಲಾದ ಬೆನ್ನಿನ ಕೆಳಗೆ ತಗ್ಗು ಕೊರೆದಿರುತ್ತದೆ, ಹಾಗಾಗಿ ಬೆನ್ನು ದಪ್ಪ ಇದ್ದರೂ ತೂಕ ಹಿಡಿತದಲ್ಲಿರುತ್ತದೆ. ಚಿರಾ ಎಂದರೆ ಉದ್ದುದ್ದ ಗೀರುಗಳಿರುವುದು. ಮೂರು ಗೀರು ಇದ್ದರೆ ತೀನ್ ಚಿರಾ. ಸಿರುಪಾತೆಯಲ್ಲಿ ಒಣ ಮರದ ಬೊಡ್ಡೆ ಕಡಿದು ಕತ್ತಿ ಸರಿಯಿಲ್ಲ ಎಂದರೆ ತಪ್ಪು ಕತ್ತಿಯದಲ್ಲ.

ಅರ ಮತ್ತು ಹಿತ್ತಾಳೆ ಸರಳು

ಈ ಪರೀಕ್ಷೆಗೆ ಬೇಕಾದದ್ದು ಒಂದು ಸಣ್ಣ, ನುಣ್ಣಗಿನ, ಹೊಸ ಅರ. ಹಳೆ ಅರ ಎಲ್ಲದರ ಮೇಲೂ ಜಾರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಖುಕುರಿಯನ್ನು ಮೇಜಿನ ಮೇಲೆ ಮಲಗಿಸಿ, ಎರಡು ಮರದ ತುಂಡಿನ ನಡುವೆ ಭದ್ರವಾಗಿ ಹಿಡಿಸಿ. ದಪ್ಪ ಕೈಗವಸು ಹಾಕಿಕೊಳ್ಳಿ.

ಮೊದಲು ಬೆನ್ನಿನ ಮೇಲೆ, ಹಿಡಿಯ ಹತ್ತಿರ, ಅರವನ್ನು ಒಮ್ಮೆ ಹಗುರಾಗಿ ತಳ್ಳಿ. ಅರ ಕಚ್ಚಿಕೊಳ್ಳುತ್ತದೆ. ಕೈಗೆ ಎಳೆತ ಸಿಗುತ್ತದೆ, ಸದ್ದು ಮಂದ, ಹಲ್ಲುಗಳ ನಡುವೆ ಬೂದುಬಣ್ಣದ ಪುಡಿ ನಿಲ್ಲುತ್ತದೆ. ಈಗ ಹೊಟ್ಟೆಯ ಭಾಗದಲ್ಲಿ, ಬಾಯಿಯ ಅಂಚಿನ ಪಕ್ಕದಲ್ಲೇ, ಅಷ್ಟೇ ಒತ್ತಡದಲ್ಲಿ ಬೆನ್ನಿನ ದಿಕ್ಕಿಗೆ ಎಳೆಯಿರಿ. ಇಲ್ಲಿ ಸದ್ದು ಏರುತ್ತದೆ, ಗಾಜಿನ ಮೇಲೆ ಎಳೆದಂತೆ. ಅರ ಜಾರುತ್ತದೆ, ಇಲ್ಲವೇ ಒಲ್ಲದ ಮನಸ್ಸಿನಿಂದ ಚೂರು ಹಿಡಿಯುತ್ತದೆ. ಆಮೇಲೆ ಮೊನೆಯ ಹತ್ತಿರ ಒಮ್ಮೆ, ಕೌಡಿಯ ಹತ್ತಿರ ಒಮ್ಮೆ. ಇವೆರಡೂ ನಡುವಿನ ಹದದಲ್ಲಿರುತ್ತವೆ. ಒಂದೊಂದು ಕಡೆ ಒಂದೇ ಎಳೆತ ಸಾಕು. ಅಲಗನ್ನು ಸವೆಸುವುದು ಉದ್ದೇಶ ಅಲ್ಲ, ಹೋಲಿಸಿ ನೋಡುವುದು ಮಾತ್ರ. ನಾಲ್ಕು ಕಡೆಯೂ ಒಂದೇ ರೀತಿ ಕಚ್ಚಿದರೆ ನೀರು ಸರಿಯಾಗಿ ಬಿದ್ದಿಲ್ಲ. ಬೆನ್ನೂ ಬಾಯಿಯಷ್ಟೇ ಜಾರಿದರೆ ಅಲಗನ್ನು ಪೂರ್ತಿ ಗಡುಸು ಮಾಡಿದ್ದಾರೆ, ಅಂಥದ್ದರಿಂದ ಗಟ್ಟಿ ಮರವನ್ನು ಜೋರಾಗಿ ಕಡಿಯುವುದು ಬೇಡ.

ಎರಡನೆಯದು ಹಿತ್ತಾಳೆ ಸರಳು. ಬೆರಳು ಗಾತ್ರದ ದುಂಡು ಸರಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ವೈಸಿಗೆ ಕಟ್ಟಿ, ಖುಕುರಿಯ ಬಾಯನ್ನು ಮಸೆಯುವ ಕೋನದಲ್ಲಿ ಅದರ ಮೇಲಿಟ್ಟು, ಮೆಲ್ಲಗೆ ಒತ್ತುತ್ತಾ ಬೆಳಕಿಗೆ ಹಿಡಿದು ನೋಡಿ. ಅಂಚು ಚೂರೇ ಚೂರು ಬಾಗುವುದು ಕಾಣುತ್ತದೆ. ಒತ್ತಡ ಬಿಟ್ಟಾಗ ಅದು ನೆಟ್ಟಗೆ ವಾಪಸ್ ಬಂದರೆ ಹದ ಸರಿಯಾಗಿದೆ. ಬಾಗಿದ್ದು ಹಾಗೇ ಉಳಿದರೆ ಮೆದು ಜಾಸ್ತಿ. ಮುಕ್ಕಾದರೆ ಪೆಡಸು ಜಾಸ್ತಿ. ಬಾಯಿ ತುಂಬಾ ದಪ್ಪಗಿದ್ದರೆ ಬಾಗುವುದೇ ಕಾಣುವುದಿಲ್ಲ, ಆಗ ಮಸೆದ ಮೇಲೆ ಮತ್ತೆ ನೋಡಬಹುದು.

ಅಲಗನ್ನು ವೈಸಿಗೆ ಕಟ್ಟಿ ಬಗ್ಗಿಸುವುದು, ಬೆನ್ನಿಗೆ ಕಬ್ಬಿಣದ ಸುತ್ತಿಗೆಯಿಂದ ಬಡಿಯುವುದು, ಮೊಳೆಯನ್ನು ಕಡಿದು ತೋರಿಸುವುದು, ಇಂಥವನ್ನು ಕೆಲವರು ಪರೀಕ್ಷೆ ಎನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೆಲಸದಲ್ಲಿ ಎಂದೂ ಬಾರದ ಏಟನ್ನು ಸುಮ್ನೆ ಯಾಕೆ ಕೊಡಬೇಕು?

ಹಿಡಿ

ಅಲಗಿನ ಬಾಲ ಹಿಡಿಯೊಳಗೆ ಹೋಗುವುದು ಎರಡು ರೀತಿ. ಒಂದರಲ್ಲಿ ಸಣ್ಣ ಬಾಲ ಹಿಡಿಯ ಒಳಗೆ ತೂರಿ, ಹಿಂದಿನ ತಗಡಿನ ಆಚೆ ಬಡಿದು ಬಂದೋಬಸ್ತು ಮಾಡಿರುತ್ತಾರೆ. ಇನ್ನೊಂದು ಪಾನಾವಾಲ್. ಅದರಲ್ಲಿ ಅಗಲವಾದ ಬಾಲದ ಎರಡೂ ಪಕ್ಕ ಹಲಗೆ ಇಟ್ಟು ರಿವೆಟ್ ಹೊಡೆದಿರುತ್ತಾರೆ. ಮರ ಆದರೆ ಹೆಚ್ಚಾಗಿ ಬೀಟೆ ಜಾತಿಯದು, ಇಲ್ಲವೇ ಎಮ್ಮೆ ಕೊಂಬು. ಒಳಗೆ ತುಂಬುವ ಅಂಟಿಗೆ ಲಾಹಾ ಎನ್ನುತ್ತಾರೆ, ನಮ್ಮ ಅರಗಿನ ಹಾಗೆ ಕಾಯಿಸಿದರೆ ಕರಗುವಂಥದ್ದು. ಖುಕುರಿಯನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬಾರದು ಎನ್ನುವುದು ಇದಕ್ಕೇ.

ಹಿಡಿಯನ್ನು ಸಡಿಲವಾಗಿ ಹಿಡಿದು, ಅಲಗಿನ ಬೆನ್ನಿಗೆ ಬೆರಳ ಗೆಣ್ಣಿನಿಂದ ತಟ್ಟಿ. ನಾದ ನೆಟ್ಟಗೆ ಬರಬೇಕು. ಗುಯ್‌ಗುಡುವ, ಕಟಕಟ ಅನ್ನುವ ಸದ್ದು ಬಂದರೆ ಒಳಗೆ ಏನೋ ಸಡಿಲ. ಆಮೇಲೆ ಮರದ ಕೊರಡಿನಿಂದ ಬೆನ್ನಿಗೆ ಹಗುರಾಗಿ ತಟ್ಟಿ, ಹಿಡಿ ಮತ್ತು ಅಲಗಿನ ಸಂದಿಯಲ್ಲಿ ಅಲುಗಾಟ ಇದೆಯಾ ನೋಡಿ. ಹಿಡಿಯ ನಡುವೆ ಒಂದು ಉಬ್ಬು ಬಳೆ ಇರುತ್ತದೆ. ಅದು ನಡುವಿನ ಎರಡು ಬೆರಳ ಮಧ್ಯೆ ಕೂರಬೇಕು. ನೇಪಾಳಿ ಹಿಡಿಗಳು ಸಾಮಾನ್ಯವಾಗಿ ಚಿಕ್ಕವು. ದೊಡ್ಡ ಅಂಗೈ ಇದ್ದವರಿಗೆ ಬಳೆ ಒತ್ತಿ ಬೊಬ್ಬೆ ಬರಬಹುದು, ಮರಳು ಕಾಗದದಿಂದ ಸ್ವಲ್ಪ ತಿಕ್ಕಿ ಇಳಿಸಿಕೊಳ್ಳಿ. ಹಿಡಿ ಸಡಿಲ ಇದ್ದರೆ ಕಡಿಯುವ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ. ಕೈಯಿಂದ ಹಾರಿದ ಅಲಗು ಎಲ್ಲಿಗೆ ಹೋಗುತ್ತದೋ ಯಾರಿಗೂ ಗೊತ್ತಿಲ್ಲ.

ಒರೆಯ ಹಿಂದೆ ಎರಡು ಪುಟ್ಟ ತುಂಡು ಇರುತ್ತವೆ. ಹರಿತವಾದದ್ದು ಕರ್ದಾ, ಸಣ್ಣಪುಟ್ಟ ಕೆಲಸದ ಚಾಕು. ಮೊಂಡಾದದ್ದು ಚಕ್‌ಮಕ್. ಅದರಿಂದ ಮಡಚಿದ ಬಾಯನ್ನು ನೆಟ್ಟಗೆ ಮಾಡಬಹುದು, ಚಕಮಕಿ ಕಲ್ಲಿಗೆ ಹೊಡೆದರೆ ಕಿಡಿಯೂ ಬರುತ್ತದೆ.

ಮಸೆಯುವುದು

ಬಂದ ಹೊಸತರಲ್ಲಿ ಖುಕುರಿ ಮೊಂಡಾಗಿದ್ದರೆ ಬೇಸರ ಬೇಡ. ದೂರ ಕಳಿಸುವಾಗ ಪೂರ್ತಿ ಹರಿತ ಮಾಡದೆ ಕಳಿಸುವುದು ಸಾಮಾನ್ಯ. ಆದರೆ ಬೀದಿಯ ಸಾಣೆಯಂತ್ರದವರ ಕೈಗೆ ಮಾತ್ರ ಕೊಡಬೇಡಿ. ತಿರುಗುವ ಸಾಣೆಗೆ ಹಿಡಿದಾಗ ಬಾಯಿ ನೀಲಿಗಟ್ಟಿತು ಎಂದರೆ, ಕೆಟಲ್ಲಿನ ನೀರಿನಿಂದ ಬಂದ ಹದ ಅಲ್ಲಿ ಹೋಯಿತು.

ಖುಕುರಿಯ ಬಾಯಿ ಚಪ್ಪಟೆ ಅಲ್ಲ, ಎರಡೂ ಕಡೆ ಸ್ವಲ್ಪ ಉಬ್ಬಿಕೊಂಡು ಅಂಚಿಗೆ ಇಳಿಯುತ್ತದೆ. ಹಾಗಾಗಿ ಮೆತ್ತಗಿನ ನೆಲೆಯ ಮೇಲೆ ಮಸೆಯಬೇಕು. ಹಳೆ ರಬ್ಬರ್ ಹಾಳೆಯ ಮೇಲೆ 400 ನಂಬರಿನ ಮರಳು ಕಾಗದ ಹಾಕಿ. ಬೆನ್ನು ಮುಂದೆ, ಬಾಯಿ ಹಿಂದೆ ಬರುವಂತೆ ಅಲಗನ್ನು ಎಳೆಯಿರಿ. ಬಾಯಿ ಮುಂದಾದರೆ ಕಾಗದ ಹರಿಯುತ್ತದೆ. ಒಂದು ಪಕ್ಕ ಮಸೆದು ಅಂಚಿನ ಇನ್ನೊಂದು ಪಕ್ಕದಲ್ಲಿ ಬೆರಳಿಗೆ ಸಣ್ಣ ಸಿಬಿರು ಸಿಕ್ಕಾಗ ಪಕ್ಕ ಬದಲಿಸಿ. ಆಮೇಲೆ 800, ಆಮೇಲೆ 1500, ಕೊನೆಗೆ ಹಳೆ ಚರ್ಮದ ಬೆಲ್ಟು. ಕೌಡಿಯಿಂದ ಬಾಗಿನವರೆಗಿನ ಒಳಗೆರೆಗೆ ಇದು ತಲುಪುವುದಿಲ್ಲ. ಅಲ್ಲಿಗೆ ದುಂಡು ಕೋಲಿಗೆ ಕಾಗದ ಸುತ್ತಿ ಬಳಸಿ.

ಕಡಿಯುವುದು

ಮೆತ್ತಗಿನದರಿಂದ ಗಟ್ಟಿಯದಕ್ಕೆ ಹೋಗಿ. ಮೊದಲು ಕಾಗದ: ಹೊಟ್ಟೆಯ ಭಾಗ ಸೀಳಿಕೊಂಡು ಹೋಗಬೇಕು. ಆಮೇಲೆ ಬಾಳೆ ದಿಂಡು ಸಿಕ್ಕರೆ ತುಂಬಾ ಒಳ್ಳೆಯದು. ಮೆತ್ತಗೆ, ದಪ್ಪ, ಏಟು ಎಷ್ಟು ನೆಟ್ಟಗೆ ಬಿತ್ತೆಂದು ಕಡಿದ ಮುಖ ನೋಡಿದರೇ ತಿಳಿಯುತ್ತದೆ. ನಂತರ ಹಸಿ ಬಿದಿರು, ಹಸಿ ಕೊಂಬೆ, ಕೊನೆಗೆ ಒಣ ಸೌದೆ.

ಕಾಲು ಅಗಲಿಸಿ ನಿಲ್ಲಿ. ಕತ್ತಿ ಗುರಿ ತಪ್ಪಿದರೆ ಎಲ್ಲಿಗೆ ಬರುತ್ತದೆ ಎಂದು ಮೊದಲೇ ನೋಡಿಕೊಳ್ಳಿ, ಆ ದಾರಿಯಲ್ಲಿ ನಿಮ್ಮ ಮೊಣಕಾಲು ಇರಬಾರದು. ನೆಲದ ಹತ್ತಿರ ಕಡಿಯುವಾಗ ಮಂಡಿಯೂರಿ. ಸುತ್ತ ಎರಡು ತೋಳು ದೂರದಲ್ಲಿ ಯಾರೂ ಬೇಡ. ತೋಳಿನ ಬಲ ಹಾಕಬೇಡಿ. ತೂಕ ಮುಂದೆ ಇರುವ ಕತ್ತಿ ಇದು, ಬೀಳಲು ಬಿಡಿ, ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತಿರುಗಲಿ. ಏಟು ಹೊಟ್ಟೆಯ ಭಾಗದಿಂದಲೇ ಬೀಳಬೇಕು. ಅಲ್ಲಿ ಬಿದ್ದರೆ ಕೈಗೆ ಕಂಪನವೇ ಬರುವುದಿಲ್ಲ. ಮೊನೆಯಲ್ಲೋ ಕೌಡಿಯ ಹತ್ತಿರವೋ ಬಿದ್ದರೆ ಅಂಗೈ ಜುಮ್ಮೆನ್ನುತ್ತದೆ. ಕೊಂಬೆಯನ್ನು ನೇರ ಅಡ್ಡಕ್ಕೆ ಕಡಿಯದೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಕಡಿಯಿರಿ. ಸಿಕ್ಕಿಕೊಂಡರೆ ಪಕ್ಕಕ್ಕೆ ತಿರುಚಬೇಡಿ, ಹೋದ ದಾರಿಯಲ್ಲೇ ಮೇಲೆ ಕೆಳಗೆ ಅಲುಗಿಸಿ ಬಿಡಿಸಿ.

ಹತ್ತಿಪ್ಪತ್ತು ಏಟಿಗೊಮ್ಮೆ ನಿಂತು ಬಾಯನ್ನು ಬೆಳಕಿಗೆ ಹಿಡಿಯಿರಿ. ಹರಿತವಾದ ಅಂಚು ಬೆಳಕನ್ನು ತಿರುಗಿಸುವುದಿಲ್ಲ. ಹೊಳೆಯುವ ಚುಕ್ಕೆ ಕಂಡರೆ ಅಲ್ಲಿ ಮಡಚಿದೆ ಅಥವಾ ಮುಕ್ಕಾಗಿದೆ. ಸಣ್ಣ ಮಡಚು ಚಕ್‌ಮಕ್ಕಿನ ನಾಲ್ಕು ಎಳೆತಕ್ಕೆ ಸರಿಹೋಗುತ್ತದೆ. ಹೊಸ ಅಲಗಿನ ಅಂಚಿನ ತೀರಾ ತೆಳು ಭಾಗ ಒಂದೆರಡು ಸಲ ಹೀಗಾಗುವುದು ಉಂಟು, ಮಸೆದಂತೆ ಗಟ್ಟಿ ಉಕ್ಕು ಸಿಗುತ್ತದೆ. ಮತ್ತೆ ಮತ್ತೆ ಅದೇ ಜಾಗದಲ್ಲಿ ಆದರೆ ಮಾತ್ರ ಅರದ ಪರೀಕ್ಷೆಗೆ ವಾಪಸ್ ಹೋಗಿ.

ಇಡುವುದು

ಕೆಲಸ ಮುಗಿದ ಕೂಡಲೇ ಸೊನೆ ಒರೆಸಿ. ಬಾಳೆಯ ಸೊನೆಯೂ ನಿಂಬೆರಸವೂ ಈ ಉಕ್ಕನ್ನು ಬೇಗ ಕಪ್ಪು ಮಾಡುತ್ತವೆ. ಸ್ಟೀಲ್ ಚಾಕುವಿನ ಅಭ್ಯಾಸದಲ್ಲಿ ಸಿಂಕಿನಲ್ಲಿ ಬಿಟ್ಟರೆ ಬೆಳಗಾಗುವುದರೊಳಗೆ ತುಕ್ಕು. ನೇಪಾಳದಲ್ಲಿ ಸಾಸಿವೆ ಎಣ್ಣೆ ಸವರುತ್ತಾರೆ. ದಿನಾ ಬಳಸುವ ಕತ್ತಿಗೆ ಅದು ಸರಿ, ತಿಂಗಳುಗಟ್ಟಲೆ ಇಡುವುದಾದರೆ ಅಡುಗೆ ಎಣ್ಣೆ ಜಿಗುಟಾಗುತ್ತದೆ, ಹೊಲಿಗೆ ಯಂತ್ರದ ಎಣ್ಣೆ ಒಳ್ಳೆಯದು. ಮಲೆನಾಡು, ಕರಾವಳಿಯಲ್ಲಿ ಇರುವವರು ಮಳೆಗಾಲ ಪೂರ್ತಿ ಅಲಗನ್ನು ಒರೆಯಿಂದ ಹೊರಗಿಟ್ಟು, ಎಣ್ಣೆ ಬಟ್ಟೆ ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಬೀಗದೊಳಗೆ ಇಡಿ. ಚರ್ಮ ತೇವ ಹಿಡಿದುಕೊಳ್ಳುತ್ತದೆ. ಒರೆಗೆ ಎಣ್ಣೆ ಕುಡಿಸಬೇಡಿ, ಚರ್ಮ ಮೆತ್ತಗಾಗಿ ಆಕಾರ ಕೆಡುತ್ತದೆ. ಕೊಂಬಿನ ಹಿಡಿಗೆ ಆಗಾಗ ಕೊಬ್ಬರಿ ಎಣ್ಣೆ ತಿಕ್ಕಿ, ಹುಳು ಕೊರೆದ ತೂತು ಇದೆಯಾ ನೋಡುತ್ತಿರಿ.

ನೇಪಾಳದಲ್ಲಿ ದಸೈಂ ಹಬ್ಬದ ನವಮಿಗೆ ಖುಕುರಿಗೆ ಪೂಜೆ. ನಮ್ಮ ಆಯುಧಪೂಜೆಯೂ ಅದೇ ದಿನ. ಕೊಡಗಿನವರಿಗೆ ಈ ಕತ್ತಿ ನೋಡಿದ ಕೂಡಲೇ ಒಡಿಕತ್ತಿ ನೆನಪಾಗುತ್ತದೆ, ಅದೂ ಮುಂದಕ್ಕೆ ಬಾಗಿದ, ಒಳಬದಿಗೆ ಬಾಯಿರುವ ಕತ್ತಿ. ಕಾಮಿಗಳಿಗೆ ಹಳ್ಳಿಯವರು ವರ್ಷದ ಬೆಳೆಯಲ್ಲಿ ಪಾಲು ಕೊಡುವ ಬಾಲಿಘರೆ ಪದ್ಧತಿಯಂತೂ ನಮ್ಮ ಆಯಗಾರರ ಪದ್ಧತಿಯೇ. ದೇಶದ ಹೆಮ್ಮೆಯ ಆಯುಧ ಮಾಡಿದ ಅವರನ್ನೇ ಅಸ್ಪೃಶ್ಯರೆಂದು ದೂರ ಇಟ್ಟಿದ್ದರು. ಕಾನೂನು 1963ರಲ್ಲಿ ಬದಲಾದರೂ ಊರುಗಳಲ್ಲಿ ಆ ನೋವು ಇನ್ನೂ ಮುಗಿದಿಲ್ಲ. ಒರೆ ಹೊಲಿಯುವ ಸಾರ್ಕಿಗಳದ್ದೂ ಅದೇ ಕಥೆ. ಆದ್ದರಿಂದ ಕೊಳ್ಳುವಾಗ ಮಾಡಿದವರು ಯಾರು, ಯಾವ ಊರು ಎಂದು ಕೇಳಿ. ಹೆಸರು ಹೇಳುವ ಕಡೆಯಿಂದಲೇ ಕೊಳ್ಳಿ, ಚೌಕಾಸಿ ಕಡಿಮೆ ಮಾಡಿ.

ಇನ್ನು ಸಾಗಿಸುವ ವಿಷಯ. ವಿಮಾನದಲ್ಲಿ ಕೈಚೀಲದೊಳಗೆ ಬಿಡುವುದಿಲ್ಲ, ಚೆಕ್-ಇನ್ ಸಾಮಾನಿನಲ್ಲಿ ಹಾಕಬೇಕು. ಭಾರತದ ಶಸ್ತ್ರಾಸ್ತ್ರ ನಿಯಮಗಳು ಮನೆಕೆಲಸ, ಬೇಸಾಯಕ್ಕೆಂದು ಮಾಡಿದ್ದನ್ನು ಬಿಟ್ಟು, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧ ಎಂದು ಎಣಿಸುತ್ತವೆ. ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಅದಕ್ಕೆ ಪರವಾನಗಿಯೂ ಬೇಕು. ಬಹುತೇಕ ಖುಕುರಿಗಳು ಈ ಅಳತೆ ದಾಟುತ್ತವೆ. ಬಿಲ್ ಜೋಪಾನ ಮಾಡಿ. ತೋಟಕ್ಕೆ ಒಯ್ಯುವಾಗ ಒರೆಯಲ್ಲಿ ಹಾಕಿ, ಬಟ್ಟೆ ಸುತ್ತಿ, ಚೀಲದಲ್ಲಿಟ್ಟು ಒಯ್ಯಿರಿ. ಸೊಂಟಕ್ಕೆ ಸಿಕ್ಕಿಸಿಕೊಂಡು ಪೇಟೆಯಲ್ಲಿ ಓಡಾಡಬೇಡಿ.